ಒಳಗೆ ಬಿಟ್ಟ ಎರಡಿಂಚು

ಟೇಪಕ್ಕ ಯಾವ ಅಳತೆಯನ್ನೂ ಇದ್ದದ್ದು ಇದ್ದ ಹಾಗೆ ಹೇಳಿದವಳಲ್ಲ. ಹಾಗೆಂದು ಸುಳ್ಳುಗಾತಿ ಎಂದುಕೊಳ್ಳಬೇಡಿ. ಅವಳ ಎದುರಿಗೆ ಆ ಮಾತು ಆಡಿದರೆ ಕತ್ತರಿ ಕೆಳಗಿಟ್ಟು, ಟೊಂಕಕ್ಕೆ ಕೈಕೊಟ್ಟು, ನಿಮ್ಮ ಏಳು ತಲೆಮಾರಿನ ಜಾತಕ ಬಿಡಿಸಿಟ್ಟಾಳು. ಅವಳು ಹೊಲಿಗೆಯವಳು, ಅಷ್ಟೇ. ಸೊಂಟ ಮೂವತ್ತಾರು ಇದ್ದರೆ ಮೂವತ್ತೆಂಟಕ್ಕೆ ಕತ್ತರಿಸಿ, ಮಿಕ್ಕ ಎರಡಿಂಚನ್ನು ಹೊಲಿಗೆಯ ಒಳಗೆ ಮಡಚಿ ಬಿಡುವುದು ಅವಳ ಕ್ರಮ. ಇವತ್ತು ಸಪೂರ ಇದ್ದವರು ಬರುವ ವರ್ಷ ಉಬ್ಬುತ್ತಾರೆ. ಆಗ ಹೊಲಿಗೆ ಬಿಚ್ಚಿ ಒಳಗಿದ್ದದ್ದನ್ನು ಹೊರಗೆ ತಂದರಾಯಿತು, ಕೋಟು ಮತ್ತೆ ಮೈಗೆ ಬರುತ್ತದೆ. ಕೆಲಸ ಕಲಿಸಿದ ಸೋದರತ್ತೆ ಮೊದಲ ದಿನವೇ ಇದನ್ನು ಅವಳ ತಲೆಗೆ ತುಂಬಿದ್ದಳು, ಮೊಟಕಿ ಮೊಟಕಿ.

ಬಟ್ಟೆಯಲ್ಲಿ ಶುರುವಾದದ್ದು ಬರಬರುತ್ತ ಬಾಯಿಗೂ ಹತ್ತಿತು. ಐದು ದಿನದಲ್ಲಿ ಮುಗಿಯುವ ಕೋಟಿಗೆ "ಹತ್ತು ದಿನ ಬಿಟ್ಟು ಬನ್ನಿ" ಎನ್ನುವಳು. ಊಟಕ್ಕೆ ಮೂರು ಜನ ಬರುವುದಿದ್ದರೆ ಗಂಡನಿಗೆ ಆರು ಜನ ಎಂದೇ ಹೇಳುವಳು. ಬಟ್ಟೆಗೆ ಎರಡಿಂಚು, ದಿನಕ್ಕೆ ಎರಡರಷ್ಟು. ಗಿರಾಕಿಗಳಿಗೂ ಇದು ಗೊತ್ತಿತ್ತು, ಹತ್ತು ದಿನ ಎಂದರೆ ಆರನೆಯ ದಿನವೇ ಬಂದು ಬಾಗಿಲಲ್ಲಿ ನಗುತ್ತ ನಿಲ್ಲುತ್ತಿದ್ದರು. ಯಾರಿಗೂ ತೊಂದರೆ ಆಗಿರಲಿಲ್ಲ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಗೆಲ್ಲ ಅವಳು ಟೇಪಕ್ಕ.

ತೊಂದರೆ ಇದ್ದದ್ದು ಒಬ್ಬನಿಗೆ, ಕಟ್ಟಿಕೊಂಡವನಿಗೆ. ಅವನ ಕೆಲಸ ಮನೆಮನೆಗೆ ಹೋಗಿ ನೀರಿನ ಮೀಟರು ಓದಿ ಬರೆದುಕೊಳ್ಳುವುದು. ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲೇ ಸಂಖ್ಯೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥವನಿಗೆ ಇಂಥವಳು ಗಂಟುಬಿದ್ದು ಮೂವತ್ತೊಂದು ವರ್ಷವಾಗಿತ್ತು. ಹೆಂಡತಿ ಹೇಳಿದ ಅಂಕಿಯನ್ನು ಮನಸ್ಸಿನಲ್ಲೇ ಅರ್ಧ ಮಾಡಿಕೊಂಡು ಅವನು ಸಂಸಾರ ನಡೆಸಿಕೊಂಡು ಬಂದಿದ್ದ.

ಹೀಗಿರುವಾಗ ಟೇಪಕ್ಕನ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಮಡಚಿದರೆ ಮಡಚಿದಲ್ಲೇ ಕೂತುಬಿಡುವುದು. ಎಡಗೈಯಿಂದ ಹಿಡಿದು ಎಳೆದರೆ "ಟಕ್" ಎಂದು ಸಿಡಿದು ಬಿಚ್ಚಿಕೊಳ್ಳುವುದು, ಜೊತೆಗೆ ಮೊಣಕೈವರೆಗೂ ಜೀವ ಹೋಗುವಂಥ ನೋವು. ಕತ್ತರಿ ಹಿಡಿಯುವುದೇ ಕಷ್ಟವಾಯಿತು. ಅದಕ್ಕಿಂತ ಹೆಚ್ಚಾಗಿ ಕಾಜಾ. ಗುಂಡಿ ತೂರುವ ರಂಧ್ರದ ಸುತ್ತ ಕೈಯಲ್ಲೇ ಒತ್ತೊತ್ತಾಗಿ ಹಾಕುವ ಹೊಲಿಗೆಗೆ ಕಾಜಾ ಅನ್ನುತ್ತಾರೆ. ಟೇಪಕ್ಕನ ಕಾಜಾ ನೋಡಿಯೇ ಜನ ಮೂರು ಬೀದಿ ದಾಟಿ ಅವಳಲ್ಲಿಗೆ ಬರುತ್ತಿದ್ದರು. ಯಂತ್ರ ಅದನ್ನು ಮಾಡುತ್ತದೆ, ಆದರೆ ಯಂತ್ರದ ಕಾಜಾ ಕಂಡರೆ ಅವಳು ಹುಳಿ ಕಚ್ಚಿದವಳಂತೆ ಮುಖ ಮಾಡುತ್ತಿದ್ದಳು.

ಎರಡೂವರೆ ತಿಂಗಳು ಅವಳು ಯಾರಿಗೂ ಹೇಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿನ ಸಮೇತ ಬೆರಳು ಸಿಕ್ಕಿಕೊಂಡು, ಗಂಡ ಬಂದು ಬಿಡಿಸಬೇಕಾಯಿತು. ಅವತ್ತೇ ಅವನು ಅವಳನ್ನು ಬೀದಿ ತುದಿಯ ಡಾಕ್ಟರ ಹತ್ತಿರ ಹೊರಡಿಸಿದ.

ಡಾಕ್ಟರು ಮುದುಕರು, ಬೀದಿಯ ಎಲ್ಲರ ಕೆಮ್ಮನ್ನೂ ದನಿಯಿಂದಲೇ ಗುರುತಿಸುವಷ್ಟು ಹಳಬರು. ಬೆರಳನ್ನು ಎರಡು ಸಲ ಮಡಚಿ ನೋಡಿದರು.

"ಬೆರಳು ಎಳೆಯೋ ಸ್ನಾಯುವಿನ ಹುರಿ ಓಡಾಡೋದಕ್ಕೆ ಒಳಗೊಂದು ಕೊಳವೆ ಇರುತ್ತಮ್ಮ. ಅದು ಬಿಗಿಯಾಗಿದೆ."

"ಲಾಡಿ ಒಳಗೇ ಗಂಟು ಬಿದ್ದ ಹಾಗೆ ಅನ್ನಿ."

"ಹಾಗೇ ಅಂದ್ಕೋ. ಕೈಯ ಸ್ಪೆಷಲಿಸ್ಟ್ ಒಬ್ಬರಿದ್ದಾರೆ, ಗುರುವಾರ ಮಾತ್ರ ಬರ್ತಾರೆ. ಅವರಿಗೆ ಹತ್ತು ನಿಮಿಷದ ಕೆಲಸ ಇದು. ಆದ್ರೆ ಹಾಗೇ ಬಿಟ್ರೆ ಬೆರಳು ಮಡಚಿದಲ್ಲೇ ಗಟ್ಟಿಯಾಗಿಬಿಡುತ್ತೆ, ಆಮೇಲೆ ಯಾರ ಕೈಯಲ್ಲೂ ಆಗಲ್ಲ. ಎಷ್ಟು ದಿನದಿಂದ ಇದೆ?"

ಎರಡೂವರೆ ತಿಂಗಳು ಎನ್ನಬೇಕಿತ್ತು. ಆದರೆ ಅಷ್ಟಕ್ಕೇ ಡಾಕ್ಟರ ಹತ್ತಿರ ಓಡಿ ಬಂದಳು ಎಂದುಕೊಂಡಾರು ಎಂಬ ನಾಚಿಕೆ ಒಂದು ಕಡೆ, ಮೂವತ್ತೈದು ವರ್ಷದ ರೂಢಿ ಇನ್ನೊಂದು ಕಡೆ.

"ಐದು ತಿಂಗಳಾಯ್ತು" ಎಂದಳು ಟೇಪಕ್ಕ.

ಡಾಕ್ಟರು ಪಾಪ, ಹೇಳಿದ್ದನ್ನು ಹೇಳಿದ ಹಾಗೆ ಸ್ಪೆಷಲಿಸ್ಟರಿಗೆ ಶಿಫಾರಸು ಪತ್ರದಲ್ಲಿ ಬರೆದರು. ಪತ್ರಕ್ಕೆ ಆಯಸ್ಸು ಅರವತ್ತು ದಿನ. ಒಂದೇ ಕಾಯಿಲೆಗೆ ವರ್ಷಕ್ಕೆ ಒಂದೇ ಪತ್ರ. ಸ್ಪೆಷಲಿಸ್ಟರ ಆಸ್ಪತ್ರೆಯವರು ಬಾಗಿಲಲ್ಲೇ ವಿಮಾ ಕಂಪನಿಯ ಒಪ್ಪಿಗೆ ಚೀಟಿ ಕೇಳುತ್ತಾರೆ. ಟೇಪಕ್ಕ ಹೊಲಿಗೆಯವರ ಸಂಘದ ಮೂಲಕ ಪಾಲಿಸಿ ಮಾಡಿಸಿ ಆಗಷ್ಟೇ ನಾಲ್ಕು ತಿಂಗಳಾಗಿತ್ತು. "ಇಂಥ ಹೊತ್ತಿಗೇ ಅಲ್ವಾ ಅದು ಇರೋದು" ಎಂದುಕೊಂಡು ಅವಳು ಗೆಲುವಾಗಿ ಮನೆಗೆ ಬಂದು ಫೋನು ಎತ್ತಿಕೊಂಡಳು.

ಫೋನಿನಲ್ಲಿ ಮೊದಲು ಸಂಗೀತ. ಆಮೇಲೆ ಜೇನು ಸುರಿಯುವ ದನಿಯೊಂದು ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದು ಹೇಳತೊಡಗಿತು. ಒಪ್ಪಿಗೆ ಚೀಟಿಗೆ ಮೂರು. ಟೇಪಕ್ಕ ಮೂರರ ಕಡೆಗೆ ಹೆಬ್ಬೆರಳು ಒಯ್ದಳು, ಅದು ದಾರಿಯಲ್ಲೇ ಮಡಚಿಕೊಂಡು ಆರರ ಮೇಲೆ ಬಿತ್ತು. "ಅಭಿನಂದನೆಗಳು! ಹೆರಿಗೆ ವಿಭಾಗಕ್ಕೆ ಸ್ವಾಗತ" ಎಂದಿತು ದನಿ. ಐವತ್ತಾರರ ಟೇಪಕ್ಕ ಹೌಹಾರಿ ಫೋನು ಕುಕ್ಕಿದಳು. ಪಕ್ಕದಲ್ಲಿ ಕೂತಿದ್ದ ಗಂಡ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿ ಕೆಮ್ಮಿದ. ಮೂರನೆಯ ಸಲ ಅವನೇ ತೋರುಬೆರಳಿನಿಂದ ಒತ್ತಿಕೊಟ್ಟ ಮೇಲೆ ಜೀವ ಇರುವ ಹುಡುಗಿಯೊಬ್ಬಳು ಸಿಕ್ಕಿದಳು. ಹೆಸರು, ಪಾಲಿಸಿ ಸಂಖ್ಯೆ, ಕಾಯಿಲೆ ಎಲ್ಲ ಕೇಳಿ, ಕೊನೆಗೆ, "ಎಷ್ಟು ದಿನದಿಂದ ಇದೆ ಮೇಡಂ?" ಎಂದಳು.

"ಐದು ತಿಂಗಳು." ಡಾಕ್ಟರಿಗೊಂದು, ಇವಳಿಗೊಂದು ಹೇಳುವವಳಲ್ಲ ಟೇಪಕ್ಕ.

ಇಪ್ಪತ್ತನೆಯ ದಿನ ಕಂಪನಿಯ ಕಾಗದ ಬಂತು. ಪಾಲಿಸಿ ಮಾಡಿಸಿದ್ದು ನಾಲ್ಕು ತಿಂಗಳ ಹಿಂದೆ, ಕಾಯಿಲೆ ಐದು ತಿಂಗಳದ್ದು, ಆದ್ದರಿಂದ ಇದು ಮೊದಲೇ ಇದ್ದ ಕಾಯಿಲೆ, ಒಪ್ಪಿಗೆ ಇಲ್ಲ. ವಿಷಾದಿಸುತ್ತೇವೆ. ಕೆಳಗೆ ಬೇಗ ಗುಣಮುಖರಾಗಿ ಎಂಬ ಹಾರೈಕೆ, ಅದರ ಪಕ್ಕದಲ್ಲಿ ನಗುವ ಹೂವಿನ ಚಿತ್ರ.

ಗಂಡ ಕಾಗದವನ್ನು ಎರಡು ಸಲ ಓದಿದ. ಮೀಟರು ಓದುವ ಕಣ್ಣು, ಒಂದೇ ನೋಟಕ್ಕೆ ತಪ್ಪು ಹಿಡಿಯಿತು.

"ಬ್ರಷ್ಷಿಗೆ ಸಿಕ್ಕಿಕೊಂಡ ದಿನ ಎರಡೂವರೆ ತಿಂಗಳಾಯ್ತು ಅಂದಿದ್ಯಲ್ಲೇ ನನ್ನ ಹತ್ರ? ಅದು ಐದು ಹೇಗಾಯ್ತು?"

ಟೇಪಕ್ಕ ಸೂಜಿ ಹುಡುಕುವವಳಂತೆ ನೆಲ ನೋಡಿದಳು.

"ಬಿಟ್ಯಾ? ಕಾಯಿಲೆಗೂ ಒಳಗೆ ಬಿಟ್ಯಾ?"

"ಬಾಯಿಗೆ ಬಂದ್ಬಿಡ್ತು ಕಣ್ರೀ."

ಅವನಿಗೆ ಬೈಯಬೇಕೆನಿಸಿತು, ಅದಕ್ಕೆ ಮೊದಲೇ ನಗು ಬಂತು. ನಕ್ಕ ಮೇಲೆ ಬೈಯುವುದು ಹೇಗೆ? ಟೇಪಕ್ಕನೂ ನಕ್ಕಳು. ಆದರೆ ನಗುತ್ತಲೇ ಕೆನ್ನೆ ಒರೆಸಿಕೊಳ್ಳಲು ಹೋದ ಕೈಯಲ್ಲಿ ಹೆಬ್ಬೆರಳು ಮತ್ತೆ ಮಡಚಿ ಕೂತಿತು, ಈ ಸಲ ಎಳೆದರೂ ಬೇಗ ಬಿಡಲಿಲ್ಲ. ಅವಳಿಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಕಾಜಾ ಹಾಕಲಾಗದ ಟೇಪಕ್ಕ ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ.

ಆಮೇಲಿನ ಎರಡು ವಾರ ತಿರುಗಾಟವೋ ತಿರುಗಾಟ. ಫೋನಿನ ಹುಡುಗಿ, "ಹೆಸರಿನಲ್ಲಿ ತಪ್ಪಿದ್ರೆ ತಿದ್ದಬಹುದು, ವಿಳಾಸ ತಪ್ಪಿದ್ರೂ ತಿದ್ದಬಹುದು, ಕಾಯಿಲೆ ತಿದ್ದೋಕೆ ಬರಲ್ಲ ಮೇಡಂ" ಎಂದಳು. ಹಳೆಯ ಡಾಕ್ಟರು, "ನೀನು ಹೇಳಿದ್ದು ಬರ್ದೆ. ಈಗ ಹೊಡೆದುಹಾಕಿ ಬೇರೆ ಬರೆದ್ರೆ ನನ್ನನ್ನೇ ಕಳ್ಳ ಅಂತಾರೆ" ಎಂದು ಕೈ ಚೆಲ್ಲಿದರು. ಸಂಘದವರು ಅರ್ಜಿಯ ನಮೂನೆಯೊಂದನ್ನು ಕೊಟ್ಟರು, ಅದು ಮನೆಗೆ ಬೆಂಕಿ ಬಿದ್ದರೆ ತುಂಬುವ ನಮೂನೆ. ಕೊನೆಗೆ ಗೊತ್ತಾದದ್ದು, ಮರುಪರಿಶೀಲನೆ ಎಂಬುದೊಂದಿದೆ, ಅದಕ್ಕೆ ಮೂವತ್ತು ದಿನದಲ್ಲಿ ಉತ್ತರ ಕೊಡುತ್ತಾರೆ ಎಂಬುದು. ಶಿಫಾರಸು ಪತ್ರದ ಅರವತ್ತು ದಿನದಲ್ಲಿ ಉಳಿದಿದ್ದದ್ದು ಇಪ್ಪತ್ತನಾಲ್ಕು.

"ನಡೀರಿ, ಅವರ ಮುಖಾನೇ ನೋಡ್ಕೊಂಡು ಬರೋಣ" ಎಂದಳು ಟೇಪಕ್ಕ. ಗಂಡ ಒಂದು ದಿನ ರಜೆ ಹಾಕಿದ.

ವಿಮಾ ಕಂಪನಿಯ ಕಚೇರಿ ನಾಲ್ಕನೆಯ ಮಹಡಿಯಲ್ಲಿತ್ತು. ಬಾಗಿಲಲ್ಲಿ ಚೀಟಿ ಉಗುಳುವ ಯಂತ್ರ, ಒಳಗೆ ಒಂದಕ್ಕೊಂದು ಅಂಟಿಸಿದ ಕುರ್ಚಿಗಳು, ಒಬ್ಬರು ಎದ್ದರೆ ಸಾಲಿನವರೆಲ್ಲ ಅಲ್ಲಾಡುತ್ತಿದ್ದರು. ಒಂದೂಕಾಲು ಗಂಟೆ ಅಲ್ಲಾಡಿದ ಮೇಲೆ ಇವರ ಸಂಖ್ಯೆ ಬಂತು. ಮರುಪರಿಶೀಲನೆಯ ಅಧಿಕಾರಿ ನಡುವಯಸ್ಸಿನ ಹೆಂಗಸು, ಬೂದು ಬಣ್ಣದ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಪಕ್ಕದ ಮೇಜಿನಲ್ಲಿ ಒಬ್ಬ ಗುಮಾಸ್ತ ಕಡತಗಳ ಹಿಂದೆ ಅರ್ಧ ಮುಳುಗಿದ್ದ.

ಟೇಪಕ್ಕ ಇದ್ದ ವಿಷಯ ಇದ್ದ ಹಾಗೆ ಹೇಳಿದಳು. ಅಧಿಕಾರಿ ಕಡತ ನೋಡಿ, ಕಂಪ್ಯೂಟರು ನೋಡಿ, ಅವಳನ್ನು ನೋಡಿದರು.

"ಐದು ತಿಂಗಳು ಅಂತ ಎರಡು ಕಡೆ ನೀವೇ ಹೇಳಿದೀರಿ. ಈಗ ಅಲ್ಲ ಅಂದ್ರೆ ನಾನು ಯಾವುದನ್ನ ನಂಬಲಿ?"

"ಅದು ಹೊಲಿಗೆಯವರ ಬಾಯಿ ಮೇಡಂ. ನಾನು ಏನು ಹೇಳಿದ್ರೂ ಸ್ವಲ್ಪ ಒಳಗೆ ಬಿಟ್ಟೇ ಹೇಳೋದು. ಬೇಕಾದ್ರೆ ಪರೀಕ್ಷೆ ಮಾಡಿ. ಈಗ ನಿಮ್ಮ ತೋಳಿನ ಉದ್ದ ನಾನು ಇಪ್ಪತ್ನಾಲ್ಕು ಅಂತೀನಿ."

"ಅಂದ್ರೆ?"

"ಇಪ್ಪತ್ತೆರಡು ಇರುತ್ತೆ."

ಅಧಿಕಾರಿಗೆ ಇದು ಹುಚ್ಚೋ ಚಾಲಾಕಿಯೋ ತಿಳಿಯಲಿಲ್ಲ. ಗುಮಾಸ್ತ ಮಾತ್ರ ಕಡತದ ಹಿಂದಿನಿಂದ ಎದ್ದು ನಿಂತಿದ್ದ. ಟೇಪಕ್ಕ ಕೊರಳಿನ ಟೇಪು ತೆಗೆದು ಅವನ ಕೈಗೆ ಕೊಟ್ಟಳು. ಅವನು ಹಿಂಜರಿಯುತ್ತ ಮೇಲಧಿಕಾರಿಯ ಹೆಗಲಿನಿಂದ ಮಣಿಕಟ್ಟಿನವರೆಗೆ ಹಿಡಿದ.

"ಇಪ್ಪತ್ತೆರಡು ಮೇಡಂ. ಕರೆಕ್ಟು."

"ನನ್ನದು?" ಎಂದು ಅವನೇ ಎದೆ ಮುಂದೆ ಮಾಡಿದ.

"ನಲವತ್ತು."

ಮೂವತ್ತೆಂಟು ಬಂತು. ಅಲ್ಲಿಗೆ ಕಚೇರಿಯ ಶಿಸ್ತು ಗಾಳಿಗೆ ಹೋಯಿತು. ಪಕ್ಕದ ಕೋಣೆಯಿಂದ ಇಬ್ಬರು ಬಂದರು. ಕಿಟಕಿ, ಮೇಜು, ಕಾವಲುಗಾರನ ಸೊಂಟ, ಎಲ್ಲವನ್ನೂ ಟೇಪಕ್ಕ ಹೇಳಿದಳು, ಗುಮಾಸ್ತ ಅಳೆದ, ಎಲ್ಲವೂ ಸರಿಯಾಗಿ ಎರಡಿಂಚು ಕಡಿಮೆ ಬಂತು. ಕಾವಲುಗಾರ ಮಾತ್ರ ಉಸಿರು ಒಳಗೆಳೆದುಕೊಂಡು ಮೋಸ ಮಾಡಲು ನೋಡಿದ, ಟೇಪಕ್ಕ ಅವನ ಹೊಟ್ಟೆಗೆ ಒಂದು ತಿವಿದಾಗ ಅದೂ ಸರಿಹೋಯಿತು. ಅಧಿಕಾರಿಯ ಮುಖದಲ್ಲೂ ನಗು ಬಂದು ಹೋಯಿತು, ಆದರೆ ಅವರು ಬೇಗ ಅದನ್ನು ಒರೆಸಿಕೊಂಡರು.

"ಸಾಕು, ಎಲ್ಲ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ. ನೋಡೀಮ್ಮ, ನಿಮಗೆ ಹೆಚ್ಚು ಹೇಳೋ ಅಭ್ಯಾಸ ಇದೆ, ಒಪ್ಪಿದೆ. ಆದ್ರೆ ಅದು ಸಾಕ್ಷಿ ಆಗಲ್ಲ. ನೋವು ಶುರುವಾಗಿದ್ದು ಯಾವತ್ತು? ಒಳಗೆ ಬಿಡದೆ ಹೇಳಿ."

ಅಷ್ಟು ಹೊತ್ತು ಅರಳು ಹುರಿದಂತೆ ಮಾತಾಡಿದ ಟೇಪಕ್ಕ ಗುಮಾಸ್ತನ ಕೈಯಿಂದ ಟೇಪು ವಾಪಸು ತೆಗೆದುಕೊಂಡು ನಿಧಾನವಾಗಿ ಸುತ್ತತೊಡಗಿದಳು. ಒಳಗೆ ಏನೂ ಬಿಡದೆ ಹೇಳುವುದೆಂದರೆ ತಪ್ಪಿದರೆ ಬಿಚ್ಚಲು ಏನೂ ಉಳಿಯುವುದಿಲ್ಲ. ಅವಳು ಗಂಡನ ಕಡೆ ನೋಡದೆ ಹೇಳಿದಳು.

"ಇವತ್ತಿಗೆ ನೂರ ಹನ್ನೊಂದು ದಿನ. ಮಂಗಳವಾರ, ಮಧ್ಯಾಹ್ನ. ಮದುವೆ ಗಂಡಿನ ಕೋಟು, ಮೇಲಿನಿಂದ ಎರಡನೇ ಕಾಜಾ. ಸೂಜಿ ಎಳೀತಾ ಇದ್ದಾಗ ಬೆರಳು ನಿಂತುಬಿಡ್ತು. ಮೂರನೇದನ್ನ ಎಡಗೈಯಲ್ಲಿ ಹಾಕಿದೆ, ಸೊಟ್ಟ ಬಂತು. ಬಿಚ್ಚಿ ಹಾಕಿದೆ, ಮತ್ತೆ ಸೊಟ್ಟ ಬಂತು. ಆವತ್ತಿಂದ ದಿನಾ ಲೆಕ್ಕ ಇಟ್ಟಿದೀನಿ. ಇವರಿಗೆ ಹೇಳಲಿಲ್ಲ, ಹೇಳಿದ್ರೆ ಕೆಲಸ ಬಿಡು ಅಂತಾರೆ ಅಂತ."

ನೂರ ಹನ್ನೊಂದು ದಿನ ಪಕ್ಕದಲ್ಲೇ ಮಲಗಿದ್ದೂ ಮೊದಲ ಎಪ್ಪತ್ತೈದನ್ನು ತಾನು ಓದಲಿಲ್ಲವಲ್ಲ ಎಂದು ಗಂಡನಿಗೆ ನಾಚಿಕೆಯಾಯಿತು. ಅವಳ ಮಡಚಿದ ಹೆಬ್ಬೆರಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

ಅಧಿಕಾರಿಯ ದನಿ ಸ್ವಲ್ಪ ಮೆತ್ತಗಾಯಿತು. "ಅದಕ್ಕೂ ಮುಂಚೆ, ಪಾಲಿಸಿ ಶುರುವಾದಾಗ ನಿಮ್ಮ ಕೈ ಸರಿಯಿತ್ತು ಅಂತ ಹೇಳೋರು ಯಾರಾದ್ರೂ ಇದಾರಾ? ಮನೆಯವರು ಆಗಲ್ಲ, ಗಿರಾಕಿಗಳೂ ಆಗಲ್ಲ."

ಟೇಪಕ್ಕ ಕಣ್ಣು ಮುಚ್ಚಿ ಒಂದೊಂದೇ ವಾರ ಹಿಂದಕ್ಕೆ ನಡೆದಳು. ಮದುವೆ ಕೋಟಿನ ಹಿಂದಿನ ವಾರ ಬ್ಯಾಂಡಿನವರ ಅಂಗಿ. ಅದರ ಹಿಂದೆ ಶಾಲೆಯ ಲಂಗಗಳು. ಅದರ ಹಿಂದೆ ಒಂದು ರೇನ್‌ಕೋಟು. ಅದರ ಹಿಂದೆ...

"ನಿಮ್ಮ ಡಾಕ್ಟರು!" ಎಂದು ಕುರ್ಚಿಯಿಂದ ಅರ್ಧ ಎದ್ದಳು. "ಪಾಲಿಸಿ ಕೊಡೋ ಮುಂಚೆ ಇದೇ ಕಟ್ಟಡದಲ್ಲಿ ನನ್ನ ಪರೀಕ್ಷೆ ಮಾಡಿದ್ರಲ್ಲ ನಿಮ್ಮ ಕಂಪನಿಯವರೇ? ಅವರ ಬಿಳಿ ಕೋಟಿನ ಮೂರನೇ ಗುಂಡಿ ಒಂದೇ ದಾರದಲ್ಲಿ ನೇತಾಡ್ತಿತ್ತು. ನಂಗೆ ನೋಡ್ಕೊಂಡು ಕೂರೋಕಾಗುತ್ತಾ? ಪರ್ಸಿನಲ್ಲಿ ಸೂಜಿ ಇತ್ತು, ಅಲ್ಲೇ ಹೊಲ್ದು ಕೊಟ್ಟೆ. ಇದೇ ಕೈಯಲ್ಲಿ!"

ಅಧಿಕಾರಿ ಕಡತ ತಿರುವಿದರು. ಮೊದಲ ಹಾಳೆ, ಎರಡನೆಯದು, ಮೂರನೆಯದು. ಯಾರೂ ತೆರೆದೇ ಇರದ ಕಾರಣ ನಾಲ್ಕನೆಯ ಹಾಳೆ ಐದನೆಯದಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ, ಕನ್ನಡಕ ಮೇಲಕ್ಕೇರಿಸಿ ಗಟ್ಟಿಯಾಗಿ ಓದಿದರು.

"ಎರಡೂ ಕೈಗಳು ಸರಿ. ಬೆರಳುಗಳು ಅತ್ಯಂತ ಸರಾಗ. ನನ್ನ ಗುಂಡಿಯನ್ನು ಒಂದು ನಿಮಿಷದೊಳಗೆ ಹೊಲಿದುಕೊಟ್ಟರು."

ಗುಮಾಸ್ತ ಚಪ್ಪಾಳೆ ತಟ್ಟಿಬಿಟ್ಟ. ಆಮೇಲೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

"ಇದು ಸಾಕ್ಷಿ" ಎಂದರು ಅಧಿಕಾರಿ. "ನಮ್ಮ ಕಡತದಲ್ಲೇ ಇತ್ತು, ನಾವೇ ನೋಡಬೇಕಿತ್ತು. ಸರಿ, ಮರುಪರಿಶೀಲನೆಗೆ ತಗೊಂಡಿದೀನಿ. ಮೂವತ್ತು ದಿನದೊಳಗೆ ನಿಮಗೆ ಉತ್ತರ ಬರುತ್ತೆ."

"ಇಪ್ಪತ್ತನಾಲ್ಕು ದಿನಕ್ಕೆ ಪತ್ರದ ಅವಧಿ ಮುಗಿಯುತ್ತೆ ಮೇಡಂ" ಎಂದ ಗಂಡ, ಮೀಟರು ಓದುವ ದನಿಯಲ್ಲಿ.

"ನಿಯಮ ಇರೋದು ಮೂವತ್ತು."

ಟೇಪಕ್ಕ ಏಳಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಕೆಲಸ ನಿಜವಾಗಿ ಎಷ್ಟು ಹೊತ್ತಿನದು?"

ಅಧಿಕಾರಿ ಕನ್ನಡಕ ತೆಗೆದು ಒರೆಸತೊಡಗಿದರು. ಗುಮಾಸ್ತ ಛಾವಣಿ ನೋಡಿದ.

"ನಾನೂ ನೂರು ಜನಕ್ಕೆ ಹತ್ತು ದಿನ ಅಂತ ಹೇಳಿ ಕಳ್ಸಿದೀನಿ ಮೇಡಂ, ನನ್ನ ಹತ್ರ ಮುಚ್ಚಿಡಬೇಡಿ. ಎಷ್ಟು ಹೊತ್ತು?"

"ಐದು ನಿಮಿಷ" ಎಂದರು ಅಧಿಕಾರಿ, ಬಹಳ ಸಣ್ಣ ದನಿಯಲ್ಲಿ. "ಒಂದು ಸಹಿ, ಒಂದು ಸೀಲು."

"ಮಿಕ್ಕ ಮೂವತ್ತು ದಿನ?"

"ಅದು ಹಾಗೇ... ಇರಲಿ ಅಂತ."

"ಅದೇ ನೋಡಿ. ನಾನೂ ಇರಲಿ ಅಂತಾನೇ ಬಿಡೋದು. ಆದ್ರೆ ಯಾಕೆ ಬಿಡ್ತೀನಿ ಹೇಳಿ? ಗಿರಾಕಿ ಉಸಿರು ಕಟ್ಟಿ ಬಂದು ನಿಂತಾಗ ಬಿಚ್ಚಿ ಕೊಡೋಕೆ. ಸಾಯೋವರೆಗೂ ಒಳಗೇ ಮಡಚಿಟ್ರೆ ಅದು ಬರೀ ಬಟ್ಟೆ ದಂಡ. ನನಗೆ ಈಗ ಬಿಗಿಯಾಗ್ತಿದೆ ಮೇಡಂ. ನೀವು ಒಳಗೆ ಬಿಟ್ಟಿದೀರಲ್ಲ, ಬಿಚ್ಚಿ."

ಅಧಿಕಾರಿ ಟೇಪಕ್ಕನ ಬೆರಳನ್ನು ನೋಡಿದರು, ಕಡತ ನೋಡಿದರು, ಮತ್ತೆ ಬೆರಳನ್ನು ನೋಡಿದರು. ಆಮೇಲೆ ಮೇಜಿನ ಖಾನೆ ಎಳೆದು ಸೀಲು ತೆಗೆದರು. ಸಹಿ ಹಾಕಿದರು, ಸೀಲು ಒತ್ತಿದರು, ಗುಮಾಸ್ತ ಓಡಿ ಹೋಗಿ ಒಪ್ಪಿಗೆ ಚೀಟಿ ಮುದ್ರಿಸಿಕೊಂಡು ಬಂದ. ಗಂಡ ಗೋಡೆ ಗಡಿಯಾರ ನೋಡಿಕೊಂಡಿದ್ದ. ಹಿಡಿದದ್ದು ನಾಲ್ಕು ನಿಮಿಷ.

ಮುಂದಿನ ಗುರುವಾರವೇ ಸ್ಪೆಷಲಿಸ್ಟರ ಕೋಣೆಯಲ್ಲಿ ಟೇಪಕ್ಕ ಬಿಳಿ ಹಾಸಿನ ಮೇಲೆ ಬಲಗೈ ಚಾಚಿ ಕೂತಿದ್ದಳು. ಬೆರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣದಾಗಿ ಕೊಯ್ದು, ಬಿಗಿದ ಕೊಳವೆಯನ್ನು ಬಿಡಿಸಿ, ಎರಡು ಹೊಲಿಗೆ ಹಾಕಿದರು. ಆ ಹೊಲಿಗೆಯನ್ನು ಟೇಪಕ್ಕ ಪರೀಕ್ಷಕಿಯ ಹಾಗೆ ಬಗ್ಗಿ ನೋಡಿ, ಪರವಾಗಿಲ್ಲ ಎಂದು ತಲೆಯಾಡಿಸಿದಳು.

"ಈಗ ನೀವೇ ಮಡಚಿ ನೋಡಿ" ಎಂದರು ಸ್ಪೆಷಲಿಸ್ಟ್.

ಅವಳು ಉಸಿರು ಹಿಡಿದು ಮಡಚಿದಳು. ಬಿಚ್ಚಿದಳು. ಸದ್ದಿಲ್ಲ. ಮತ್ತೆ ಮಡಚಿದಳು, ಮತ್ತೆ ಬಿಚ್ಚಿದಳು. ಬೆರಳು ಎಣ್ಣೆ ಹಾಕಿದ ಯಂತ್ರದ ಹಾಗೆ ಹೋಗಿ ಬಂತು. ಅಷ್ಟಕ್ಕೇ ಅವಳ ಕಣ್ಣಿಂದ ನೀರು ದಳದಳ ಇಳಿಯಿತು, ತಡೆಯಲು ನೋಡಿದರೂ ನಿಲ್ಲಲಿಲ್ಲ.

ಸ್ಪೆಷಲಿಸ್ಟ್ ಗಾಬರಿಯಾದರು. "ತುಂಬಾ ನೋವಾಗ್ತಿದೆಯಾ? ಎಷ್ಟಿದೆ ಹೇಳಿ, ಹತ್ತರಲ್ಲಿ ಎಷ್ಟು?"

"ಸೊನ್ನೆ" ಎಂದಳು ಟೇಪಕ್ಕ.

ಸ್ಪೆಷಲಿಸ್ಟ್ ನಂಬಿಕೆಯಿಲ್ಲದೆ ಗಂಡನ ಕಡೆ ತಿರುಗಿದರು. "ಬರ್ಕೊಳ್ಳಿ ಡಾಕ್ಟ್ರೇ" ಎಂದ ಅವನು, ತಾನೂ ಕಣ್ಣೊರೆಸಿಕೊಳ್ಳುತ್ತ. "ಅವಳು ಹೇಳಿದಷ್ಟೇ ಇದೆ."